ಎರಡು ಪಂದ್ಯ ಸೋತ ತಂಡ ದೇಶಕ್ಕೇ ಚಾಂಪಿಯನ್ ಆಗಿದ್ದು ಹೇಗೆ?

ಪ್ರಶ್ನೆ: ನನ್ನ ಮಗ ಅಮೆರಿಕದ ಕೊಲಂಬಸ್‌ನಲ್ಲಿ, ಓಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂ.ಎಸ್. ಓದುತ್ತಿದ್ದಾನೆ. 2024ರ ನವೆಂಬರ್ ಕೊನೆಯಲ್ಲಿ ಫೋನ್ ಮಾಡಿ, ‘ಅಮೆರಿಕನ್ ಫುಟ್‌ಬಾಲ್‌ನಲ್ಲಿ ಮಿಶಿಗನ್ ಯೂನಿವರ್ಸಿಟಿ ಮೇಲೆ ಸೋತುಬಿಟ್ಟೆವು, ಊರೆಲ್ಲ ಸಪ್ಪಗಾಗಿದೆ, ಕೋಚನ್ನು ತೆಗೆಯಿರಿ ಅಂತ ಎಲ್ಲರೂ ಕೂಗಾಡುತ್ತಿದ್ದಾರೆ’ ಎಂದ. ಜನವರಿಯಲ್ಲಿ ನೋಡಿದರೆ ಅದೇ ತಂಡ, ಅದೇ ಕೋಚ್, ದೇಶಕ್ಕೇ ಚಾಂಪಿಯನ್! ಎರಡು ಪಂದ್ಯ ಸೋತು, ತಮ್ಮ ಲೀಗನ್ನೂ ಗೆಲ್ಲದ ತಂಡಕ್ಕೆ ಇದು ಹೇಗೆ ಸಾಧ್ಯ? ಅದು ನ್ಯಾಯವಾದ ಗೆಲುವೇ? ಅವನ ಗೆಳೆಯರು ‘ಆದರೂ ಮಿಶಿಗನ್ ಮೇಲೆ ಸೋತೆವಲ್ಲ’ ಎಂದು ಕೊರಗುವುದು ಏಕೆ? ನಾವು ಅಲ್ಲಿಗೆ ಹೋದಾಗ ಒಂದು ಪಂದ್ಯ ನೋಡುವ ಆಸೆಯೂ ಇದೆ.
— ದಾವಣಗೆರೆಯ ಓದುಗರು

ಉತ್ತರ: ನ್ಯಾಯವಾದ ಗೆಲುವೇ. ಅಷ್ಟು ಕಷ್ಟದ ದಾರಿಯಲ್ಲಿ ನಡೆದು ಚಾಂಪಿಯನ್ ಆದ ಇನ್ನೊಂದು ಕಾಲೇಜು ತಂಡ ನನಗೆ ಥಟ್ಟನೆ ನೆನಪಾಗುವುದಿಲ್ಲ. ಆದರೆ ನಿಮ್ಮ ಮಗನ ಗೆಳೆಯರು ಕೊರಗುವುದರಲ್ಲೂ ಅರ್ಥವಿದೆ. ಜನವರಿಯ ಕಪ್ ನವೆಂಬರ್‌ನ ಸೋಲನ್ನು ಅಳಿಸಲಿಲ್ಲ. ಓಹಾಯೊದವರಿಗೆ ಅವೆರಡೂ ಬೇರೆ ಬೇರೆ ಲೆಕ್ಕ.

ಆಟ ಗೊತ್ತಿಲ್ಲದವರಿಗಾಗಿ ಎರಡೇ ಮಾತು. ಚೆಂಡು ಹಿಡಿದ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ, ಮೇಲೊಂದು ಕಿಕ್‌ಗೆ 1 ಅಂಕ. ದೂರದಿಂದ ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ. ಚೆಂಡು ಎಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಸದ್ಯಕ್ಕೆ ಇಷ್ಟು ಸಾಕು.

ಈಗ ‘ಹೇಗೆ ಸಾಧ್ಯ’ ಅನ್ನುವ ಪ್ರಶ್ನೆಗೆ ಬರುತ್ತೇನೆ. ಅಮೆರಿಕದ ಮೇಲಿನ ದರ್ಜೆಯಲ್ಲಿ 2024ರಲ್ಲಿ 134 ಕಾಲೇಜು ತಂಡಗಳಿದ್ದವು. ಒಂದೊಂದು ತಂಡ ಆಡುವುದು ಸುಮಾರು 12 ಪಂದ್ಯ. ಎಲ್ಲರೂ ಎಲ್ಲರ ಜೊತೆ ಆಡಲು ಆಗುವುದೇ ಇಲ್ಲ. ಹಾಗಾಗಿ ಯಾರು ದೊಡ್ಡವರು ಎಂದು ತೀರ್ಮಾನಿಸುವುದು ಅಲ್ಲಿ ಯಾವಾಗಲೂ ಜಗಳದ ವಿಷಯ. ಬಹಳ ಕಾಲ ಪತ್ರಕರ್ತರು ಮತ್ತು ಕೋಚ್‌ಗಳು ಮತ ಹಾಕಿ ಚಾಂಪಿಯನ್ ಯಾರೆಂದು ಹೇಳುತ್ತಿದ್ದರು. 1998ರಿಂದ ರ‍್ಯಾಂಕಿಂಗ್ ಪಟ್ಟಿಯ ಮೊದಲ ಎರಡು ತಂಡಗಳಿಗೆ ಫೈನಲ್ ಆಡಿಸಿದರು. 2014ರಿಂದ ನಾಲ್ಕು ತಂಡಗಳ ಪ್ಲೇಆಫ್ ಬಂತು. ಆ ಹತ್ತು ವರ್ಷಗಳಲ್ಲಿ ಎರಡು ಸೋಲು ಕಂಡ ಒಂದೇ ಒಂದು ತಂಡವೂ ಆ ನಾಲ್ಕರಲ್ಲಿ ಸೇರಲಿಲ್ಲ. ಒಂದು ಸೋಲು ಅಂದರೆ ಎದೆ ನಡುಕ, ಎರಡು ಅಂದರೆ ಆ ವರ್ಷದ ಕನಸು ಮುಗಿದ ಹಾಗೆ.

2024ರಲ್ಲಿ ಅದು 12 ತಂಡಗಳ ಪ್ಲೇಆಫ್ ಆಯಿತು. ಆಯ್ಕೆ ಸಮಿತಿಯ ಕೊನೆಯ ಪಟ್ಟಿಯಲ್ಲಿ ಓಹಾಯೊ ಸ್ಟೇಟ್ ಇದ್ದದ್ದು 6ನೇ ಸ್ಥಾನದಲ್ಲಿ. ಹಿಂದಿನ ವರ್ಷವಾಗಿದ್ದರೆ ಅವರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಈ ಸಲ ಬಾಗಿಲು ತೆರೆದಿತ್ತು. ನಮ್ಮ ಐಪಿಎಲ್‌ನಲ್ಲಿ ಲೀಗ್ ಹಂತದಲ್ಲಿ ಐದಾರು ಪಂದ್ಯ ಸೋತವರೂ ಕಪ್ ಎತ್ತುತ್ತಾರೆ, ಯಾರೂ ಪ್ರಶ್ನೆ ಮಾಡುವುದಿಲ್ಲ, ಅಲ್ವಾ? ಅಮೆರಿಕದ ಕಾಲೇಜು ಫುಟ್‌ಬಾಲ್‌ಗೆ ಆ ರೂಢಿ ಆ ವರ್ಷವೇ ಹೊಸದಾಗಿ ಶುರುವಾಗಿದ್ದು. ಹಾಗಾಗಿ ಅಲ್ಲಿನವರಿಗೂ ನಿಮ್ಮ ಹಾಗೇ ಗೊಂದಲವಾಯಿತು.

ಆದರೆ ನಿಯಮ ಬಾಗಿಲು ತೆರೆಯಬಹುದು, ಒಳಗೆ ಹೋಗಿ ಗೆಲ್ಲಬೇಕಾದವರು ಆಟಗಾರರೇ. ಆದ್ದರಿಂದ ತಂಡದ ಬಗ್ಗೆ ಸ್ವಲ್ಪ ಹೇಳಬೇಕು.

2021ರಲ್ಲಿ ಕೊಲಂಬಸ್‌ಗೆ ಬಂದ ಹುಡುಗರ ಒಂದು ಗುಂಪಿತ್ತು. ಜ್ಯಾಕ್ ಸಾಯರ್, ಜೆ.ಟಿ. ಟುಯಿಮೊಲೊವಾವ್, ಎಮೆಕಾ ಎಗ್‌ಬುಕಾ, ಟ್ರೆವಿಯಾನ್ ಹೆಂಡರ್ಸನ್, ಡೆನ್ಜೆಲ್ ಬರ್ಕ್, ಡೊನೊವನ್ ಜ್ಯಾಕ್ಸನ್. 2023ರ ಸೀಸನ್ ಮುಗಿದಾಗ ಇವರು ಎನ್‌ಎಫ್‌ಎಲ್‌ಗೆ ಹೋಗಿ ವೃತ್ತಿಪರ ಆಟಗಾರರಾಗಬಹುದಿತ್ತು. ಹೋಗಲಿಲ್ಲ. ಮೂರು ವರ್ಷವೂ ಅವರು ಮಿಶಿಗನ್ ಮೇಲೆ ಸೋತಿದ್ದರು. ಕಪ್ ಒಂದೂ ಇರಲಿಲ್ಲ. ಇನ್ನೊಂದು ವರ್ಷ ಇಲ್ಲೇ ಇದ್ದು ಅದನ್ನೆಲ್ಲ ಸರಿಪಡಿಸಿಯೇ ಹೋಗುತ್ತೇವೆ ಎಂದು ಉಳಿದರು. ಇದು ಸಣ್ಣ ತ್ಯಾಗವಲ್ಲ. ಈ ಆಟದಲ್ಲಿ ಒಂದು ಮೊಣಕಾಲು ಹೋದರೆ ಕೋಟಿಗಟ್ಟಲೆ ಹಣ ಹೋಗುತ್ತದೆ.

ಬೇರೆ ಯೂನಿವರ್ಸಿಟಿಗಳಿಂದಲೂ ಜನ ಬಂದರು. ಕ್ಯಾನ್ಸಸ್ ಸ್ಟೇಟ್‌ನಿಂದ ಕ್ವಾರ್ಟರ್‌ಬ್ಯಾಕ್ ವಿಲ್ ಹವರ್ಡ್, ಓಲ್ ಮಿಸ್‌ನಿಂದ ಚೆಂಡು ಹಿಡಿದು ಓಡುವ ಕ್ವಿನ್‌ಶಾನ್ ಜಡ್ಕಿನ್ಸ್, ಅಲಬಾಮಾದಿಂದ ರಕ್ಷಣೆಯ ಆಟಗಾರ ಕೇಲೆಬ್ ಡೌನ್ಸ್. ಜೊತೆಗೆ ಫ್ಲಾರಿಡಾದಿಂದ ಬಂದ ಮೊದಲ ವರ್ಷದ ಹುಡುಗ ಜೆರೆಮಾಯಾ ಸ್ಮಿತ್. ಅವನು ಗಾಳಿಯಲ್ಲಿ ಚೆಂಡು ಹಿಡಿಯುವುದನ್ನು ನೋಡುವುದಕ್ಕೇ ಒಂದು ಪಂದ್ಯಕ್ಕೆ ಹೋಗಬಹುದು. ದಾಳಿಯ ಯೋಜನೆ ಮಾಡಲು ಚಿಪ್ ಕೆಲ್ಲಿ ಬಂದರು. ಯುಸಿಎಲ್‌ಎಯಲ್ಲಿ ಮುಖ್ಯ ಕೋಚ್ ಆಗಿದ್ದವರು ಆ ಹುದ್ದೆ ಬಿಟ್ಟು, ಇಲ್ಲಿ ಮುಖ್ಯ ಕೋಚ್ ರಯಾನ್ ಡೇ ಕೈಕೆಳಗೆ ಕೆಲಸ ಮಾಡಲು ಒಪ್ಪಿಕೊಂಡರು.

ಹಣದ ಮಾತನ್ನೂ ಮುಚ್ಚಿಡಬಾರದು. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು. ಈ ತಂಡದ ಆಟಗಾರರಿಗೆ ಹಾಗೆ ಸಿಕ್ಕ ಮೊತ್ತ ಸುಮಾರು 2 ಕೋಟಿ ಡಾಲರ್ ಎಂದು ಕ್ರೀಡಾ ವಿಭಾಗದ ಮುಖ್ಯಸ್ಥ ರಾಸ್ ಬ್ಯೋರ್ಕ್ ಅವರೇ ಹೇಳಿದ್ದರು. ಆ ಅಂಕಿ ಊರೆಲ್ಲ ಹರಡಿತು. ಅಂದಿನಿಂದ ಆ ತಂಡಕ್ಕೆ ಗೆದ್ದರೆ ಹೊಗಳಿಕೆ ಕಡಿಮೆ, ಸೋತರೆ ಬೈಗುಳ ಜಾಸ್ತಿ. ‘ಇಷ್ಟು ದುಡ್ಡು ಸುರಿದರೆ ಯಾರು ಬೇಕಾದರೂ ಗೆಲ್ಲುತ್ತಾರೆ’ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ದುಡ್ಡು ಸುರಿದೂ ಏನೂ ಗೆಲ್ಲದ ತಂಡಗಳು ಅಲ್ಲಿ ಬೇಕಾದಷ್ಟಿವೆ.

ಮೊದಲ ಐದು ಪಂದ್ಯಗಳ ಬಗ್ಗೆ ಹೇಳುವುದು ಹೆಚ್ಚೇನಿಲ್ಲ, ಎಲ್ಲ ಸುಲಭದ ಗೆಲುವು. ಅಕ್ಟೋಬರ್ 12ರಂದು ಒರೆಗಾನ್ ರಾಜ್ಯದ ಯೂಜೀನ್‌ನಲ್ಲಿ ಒರೆಗಾನ್ ತಂಡದ ಎದುರು ಮೊದಲ ಸೋಲು, 32–31. ಕೊನೆಯ ಕೆಲವು ಸೆಕೆಂಡುಗಳಲ್ಲಿ ಒರೆಗಾನ್ ಮೈದಾನಕ್ಕೆ 11ರ ಬದಲು 12 ಜನರನ್ನು ಇಳಿಸಿತು. ಅದಕ್ಕೆ ದಂಡ ಬರೀ 5 ಯಾರ್ಡ್. ಆದರೆ ಗಡಿಯಾರದಲ್ಲಿ ನಾಲ್ಕು ಸೆಕೆಂಡು ಉರುಳಿಹೋಯಿತು. ಬೇಕೆಂದೇ ಮಾಡಿದರೇ? ಅವರ ಕೋಚ್ ಡ್ಯಾನ್ ಲ್ಯಾನಿಂಗ್ ಇದನ್ನು ಮೊದಲೇ ಯೋಚಿಸಿದ್ದೆವು ಎನ್ನುವ ಅರ್ಥದಲ್ಲೇ ಮಾತಾಡಿದರು. ಮುಂದಿನ ವಾರವೇ ನಿಯಮದ ಆ ಸಂದಿ ಮುಚ್ಚಿದರು. ಆಮೇಲೆ ಹವರ್ಡ್ ಚೆಂಡು ಹಿಡಿದು ಓಡಿ, ಇನ್ನೊಂದು ಅವಕಾಶ ಉಳಿಸಿಕೊಳ್ಳಲು ನೆಲಕ್ಕೆ ಜಾರಿದ. ಅಷ್ಟರಲ್ಲಿ ಸಮಯ ಸೊನ್ನೆಯಾಗಿತ್ತು. ಒಂದು ಫೀಲ್ಡ್ ಗೋಲ್ ಒದೆಯಲೂ ಅವಕಾಶ ಸಿಗಲಿಲ್ಲ.

ನನ್ನ ಪ್ರಕಾರ ಆ ರಾತ್ರಿಯ ದೊಡ್ಡ ನಷ್ಟ ಅಂಕದ್ದಲ್ಲ. ಕ್ವಾರ್ಟರ್‌ಬ್ಯಾಕ್‌ನ ಎಡಗಡೆ ಕಾಯುವ ಜಾಶ್ ಸಿಮನ್ಸ್ ಮೊಣಕಾಲಿನ ಗಾಯದಿಂದ ಇಡೀ ಸೀಸನ್‌ಗೆ ಹೊರಬಿದ್ದ. ಬಲಗೈಯಿಂದ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಎಡ ಬೆನ್ನ ಹಿಂದಿನಿಂದ ಬರುವವನು ಕಾಣುವುದಿಲ್ಲ. ಅಲ್ಲಿ ನಿಲ್ಲುವವನನ್ನು ನಂಬಿಯೇ ಅವನು ಎಸೆಯಬೇಕು. ಮುಂದಿನ ಪಂದ್ಯದಲ್ಲಿ ನೆಬ್ರಾಸ್ಕಾ ಎದುರು 21–17ರಲ್ಲಿ ಒದ್ದಾಡಿ ಗೆದ್ದರು. ಆಮೇಲೆ ಎಡ ಒಳಸಾಲಿನ ಡೊನೊವನ್ ಜ್ಯಾಕ್ಸನ್‌ನನ್ನು ಆ ಜಾಗಕ್ಕೆ ಸರಿಸಿದರು. ಅದು ಅವನ ಜಾಗವೇ ಅಲ್ಲ. ಕಲಿಯುತ್ತಲೇ ಆಡಿದ. ನವೆಂಬರ್‌ನಲ್ಲಿ ಅಭ್ಯಾಸ ಮಾಡುವಾಗ ಅದೇ ಕಾವಲು ಸಾಲಿನ ನಡುವಿನ ಆಟಗಾರ ಸೆತ್ ಮೆಕ್‌ಲಾಫ್ಲಿನ್‌ನ ಹಿಮ್ಮಡಿಯ ನರವೂ ಹರಿಯಿತು. ಟಿವಿಯಲ್ಲಿ ಇವರ ಹೆಸರು ಯಾರೂ ಹೇಳುವುದಿಲ್ಲ. ಆದರೆ ಈ ಸೀಸನ್ ಸೋತದ್ದೂ ಗೆದ್ದದ್ದೂ ಈ ಸಾಲಿನಲ್ಲೇ.

ಇಷ್ಟಾದರೂ ಪೆನ್ ಸ್ಟೇಟ್‌ನ ಊರಿಗೆ ಹೋಗಿ 1 ಲಕ್ಷ 11 ಸಾವಿರ ಜನರ ಗದ್ದಲದ ನಡುವೆ 20–13ರಲ್ಲಿ ಗೆದ್ದರು. ಗೆರೆಗೆ ಮೂರೇ ಯಾರ್ಡ್ ದೂರದಲ್ಲಿ ಪೆನ್ ಸ್ಟೇಟ್‌ಗೆ ನಾಲ್ಕು ಅವಕಾಶ ಸಿಕ್ಕಿತ್ತು. ನಾಲ್ಕನ್ನೂ ತಡೆದರು. ಅಲ್ಲಿಯವರೆಗೆ ಸೋಲೇ ಕಾಣದ ಇಂಡಿಯಾನಾವನ್ನು 38–15ರಲ್ಲಿ ಹೊಡೆದರು. ಮಿಶಿಗನ್ ಪಂದ್ಯವೊಂದನ್ನು ಗೆದ್ದರೆ, ದೇಶದ ಪ್ಲೇಆಫ್‌ಗೆ ಮೊದಲು ನಡೆಯುವ ತಮ್ಮ ಲೀಗ್‌ನ ಫೈನಲ್.

ಈ ಎರಡು ಊರುಗಳ ಹಗೆಯನ್ನು ಹೊರಗಿನವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. ಮೊದಲ ಪಂದ್ಯ ಆಡಿದ್ದು 1897ರಲ್ಲಿ. ಕೊಲಂಬಸ್‌ನಲ್ಲಿ ಆ ವಾರ ಕ್ಯಾಂಪಸ್‌ನ ಬೋರ್ಡುಗಳಲ್ಲಿ ಮಿಶಿಗನ್‌ನ ಮೊದಲಕ್ಷರ ಎಲ್ಲಿ ಕಂಡರೂ ಅದರ ಮೇಲೆ ಕೆಂಪು ಗುಣಿಸು ಗುರುತು ಅಂಟಿಸುತ್ತಾರೆ. ಎಷ್ಟೋ ಜನ ಆ ತಂಡದ ಹೆಸರನ್ನೂ ಹೇಳುವುದಿಲ್ಲ, ‘ಉತ್ತರದ ಆ ತಂಡ’ ಎನ್ನುತ್ತಾರೆ. 1934ರಿಂದ ಒಂದು ಪದ್ಧತಿ ನಡೆದುಬಂದಿದೆ. ಮಿಶಿಗನ್ ಮೇಲೆ ಗೆದ್ದ ವರ್ಷ ಪ್ರತಿ ಆಟಗಾರನಿಗೂ ಬಂಗಾರದ ಬಣ್ಣದ ಪುಟ್ಟ ಪ್ಯಾಂಟ್ ಆಕಾರದ ಪದಕ ಕೊಡುತ್ತಾರೆ. ಮುದುಕರಾದ ಆಟಗಾರರು ಅದನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಸಾಯರ್‌ನ ಬ್ಯಾಚಿಗೆ ಒಂದೂ ಸಿಕ್ಕಿರಲಿಲ್ಲ. ಇದು ಕೊನೆಯ ಅವಕಾಶ.

ನವೆಂಬರ್ 30. ಆ ವರ್ಷದ ಮಿಶಿಗನ್ ರ‍್ಯಾಂಕಿಂಗ್ ಪಟ್ಟಿಯಲ್ಲೇ ಇಲ್ಲದ ತಂಡ. ಆಡಿದ 11ರಲ್ಲಿ 5 ಸೋತಿತ್ತು. ಓಹಾಯೊ ಸ್ಟೇಟ್ ಸುಮಾರು 20 ಅಂಕಗಳಿಂದ ಗೆಲ್ಲುತ್ತದೆ ಎಂಬುದು ಎಲ್ಲರ ಲೆಕ್ಕ. ಆದರೆ ಮಿಶಿಗನ್‌ಗೆ ಒಂದು ಬಲವಿತ್ತು. ಅವರ ರಕ್ಷಣೆಯ ನಡುಮಧ್ಯೆ ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್ ಎಂಬ ಎರಡು ಬೆಟ್ಟದಂಥ ಆಳುಗಳಿದ್ದರು. ಓಹಾಯೊ ಸ್ಟೇಟ್ ಮತ್ತೆ ಮತ್ತೆ ಅವರ ಮೇಲೆಯೇ ಓಡಿತು. ಗಾಯಗೊಂಡು ತೇಪೆ ಹಾಕಿದ ಸಾಲನ್ನು ಇಟ್ಟುಕೊಂಡು, ಎದುರಾಳಿ ಎಲ್ಲಿ ಗಟ್ಟಿಯೋ ಅಲ್ಲಿಗೇ ಗುದ್ದಿತು. ಹೊರಬದಿಯಲ್ಲಿ ಸ್ಮಿತ್, ಎಗ್‌ಬುಕಾ ಅಂಥವರು ನಿಂತಿದ್ದರೂ ಹೀಗೆ. ‘ನಾವೂ ಗಟ್ಟಿಗರು’ ಎಂದು ತೋರಿಸುವ ಹಟ ಅದು ಎಂದು ನನಗೆ ಅಂದೂ ಅನ್ನಿಸಿತು, ಇಂದೂ ಅನ್ನಿಸುತ್ತದೆ. ಓಡಿ ಗಳಿಸಿದ್ದು ಒಟ್ಟು 77 ಯಾರ್ಡ್. ಹವರ್ಡ್ ಎಸೆದ ಎರಡು ಚೆಂಡು ಎದುರಾಳಿಯ ಕೈಸೇರಿದವು. ಜೇಡನ್ ಫೀಲ್ಡಿಂಗ್ ಒದ್ದ ಎರಡು ಫೀಲ್ಡ್ ಗೋಲ್ ತಪ್ಪಿದವು. ಕೊನೆಯಲ್ಲಿ 45 ಸೆಕೆಂಡು ಉಳಿದಿರುವಾಗ ಡೊಮಿನಿಕ್ ಝ್ವಾಡಾ ಒದ್ದ ಫೀಲ್ಡ್ ಗೋಲ್‌ನಿಂದ ಮಿಶಿಗನ್ 13–10ರಲ್ಲಿ ಗೆದ್ದಿತು.

ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಮಿಶಿಗನ್ ಆಟಗಾರರು ಮೈದಾನದ ನಡುವೆ ತಮ್ಮ ಬಾವುಟ ನೆಡಲು ಹೋದರು. ಸಾಯರ್ ಮತ್ತು ಜೊತೆಗಾರರು ಮೇಲೆ ಬಿದ್ದರು. ಹೊಡೆದಾಟವಾಯಿತು, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಎರಡೂ ಯೂನಿವರ್ಸಿಟಿಗಳಿಗೆ ಲೀಗ್ ತಲಾ 1 ಲಕ್ಷ ಡಾಲರ್ ದಂಡ ಹಾಕಿತು. ಕೋಚ್ ರಯಾನ್ ಡೇಗೆ ಮಿಶಿಗನ್ ಎದುರು ಇದು ಸತತ ನಾಲ್ಕನೇ ಸೋಲು. ತಂದೆಯನ್ನು ಕಳೆದುಕೊಂಡದ್ದು ಮತ್ತು ಇನ್ನು ಕೆಲವನ್ನು ಬಿಟ್ಟರೆ, ಈ ಸೋಲುಗಳು ತನ್ನ ಬದುಕಿನ ಅತಿ ಕೆಟ್ಟ ಸಂಗತಿಗಳಲ್ಲಿ ಸೇರುತ್ತವೆ ಎಂದು ಆ ಪಂದ್ಯಕ್ಕೆ ಮುಂಚೆಯೇ ಅವರು ಹೇಳಿದ್ದರು. ನಿಮ್ಮ ಮಗ ಆ ರಾತ್ರಿ ಫೋನಿನಲ್ಲಿ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ.

ಸೋತದ್ದರಿಂದ ಲೀಗ್‌ನ ಫೈನಲ್ ಕೈತಪ್ಪಿತು. ಹಾಗಾಗಿ ಮೂರು ವಾರ ಬಿಡುವು ಸಿಕ್ಕಿತು. ಆ ದಿನಗಳಲ್ಲಿ ಆಟಗಾರರು ತಾವೇ ಸಭೆ ಸೇರಿ, ಮನಸ್ಸಿನಲ್ಲಿದ್ದದ್ದನ್ನೆಲ್ಲ ಒಬ್ಬರ ಮುಖಕ್ಕೊಬ್ಬರು ಆಡಿಕೊಂಡರು ಎಂದು ಆಮೇಲೆ ಹೇಳಿದ್ದಾರೆ. ಅದರಿಂದ ಎಷ್ಟು ಬದಲಾಯಿತೋ ಅಳೆಯಲಾಗದು. ಮೈದಾನದಲ್ಲಿ ಬದಲಾದದ್ದು ಮಾತ್ರ ಕಣ್ಣಿಗೆ ಕಾಣುತ್ತದೆ. ಮೊದಲು ಗುದ್ದಿ ಆಮೇಲೆ ಎಸೆಯುವುದನ್ನು ಬಿಟ್ಟರು. ಮೊದಲೇ ಎಸೆದರು, ದೂರಕ್ಕೆ ಎಸೆದರು, ಅಗಲಕ್ಕೆ ಹರಡಿದರು. ಎದುರಾಳಿ ಹಿಂದೆ ಸರಿದ ಮೇಲೆ ಓಡಿದರು.

ಡಿಸೆಂಬರ್ 21ರ ಕೊರೆಯುವ ಚಳಿಯಲ್ಲಿ, ಅದೇ ಮೈದಾನದಲ್ಲಿ ಟೆನೆಸ್ಸೀ ಎದುರಾಯಿತು. ಮೊದಲ ಕಾಲು ಭಾಗದಲ್ಲೇ 21–0. ಕೊನೆಗೆ 42–17. ಜನವರಿ 1ರಂದು ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ ಮತ್ತೆ ಒರೆಗಾನ್. ಅಲ್ಲಿಯವರೆಗೆ ಒಂದೂ ಸೋಲದ, ಮೊದಲ ಸ್ಥಾನದ ತಂಡ. ಅರ್ಧ ಆಟ ಮುಗಿಯುವ ಮೊದಲೇ ಓಹಾಯೊ ಸ್ಟೇಟ್ 34–0 ಮುಂದಿತ್ತು! ಸ್ಮಿತ್ ಒಬ್ಬನೇ 187 ಯಾರ್ಡ್, ಎರಡು ಟಚ್‌ಡೌನ್. ಕೊನೆಗೆ 41–21. ಇಡೀ ಸೀಸನ್‌ನಲ್ಲಿ ನೀವು ಒಂದೇ ಪಂದ್ಯದ ವಿಡಿಯೊ ನೋಡುವುದಾದರೆ ಇದನ್ನೇ ನೋಡಿ.

ಜನವರಿ 10ರಂದು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಸೆಮಿಫೈನಲ್, ಎದುರಾಳಿ ಟೆಕ್ಸಸ್. ಅವರು ಸ್ಮಿತ್ ಮೇಲೆ ಇಬ್ಬಿಬ್ಬರನ್ನು ಬಿಟ್ಟರು. ಅವನಿಗೆ ಸಿಕ್ಕಿದ್ದು ಒಂದೇ ಚೆಂಡು, ಬರೀ 3 ಯಾರ್ಡ್. ಪಂದ್ಯ ಬಿಗಿಯಾಯಿತು. ಕೊನೆಯಲ್ಲಿ 21–14ರಿಂದ ಹಿಂದಿದ್ದ ಟೆಕ್ಸಸ್ ಗೆರೆಗೆ ಒಂದೇ ಯಾರ್ಡ್ ದೂರ ಬಂತು. ಅಲ್ಲಿಂದ ಪಕ್ಕಕ್ಕೆ ಎಸೆದು ಓಡಲು ನೋಡಿ ಹಿಂದಕ್ಕೆ ಹೋದರು. ನಾಲ್ಕನೇ ಅವಕಾಶದಲ್ಲಿ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂಅರ್ಸ್ ಎಸೆಯಲು ಕೈ ಎತ್ತಿದ. ಸಾಯರ್ ನುಗ್ಗಿ ಚೆಂಡನ್ನು ಕೈಯಿಂದ ಬೀಳಿಸಿ, ತಾನೇ ಎತ್ತಿಕೊಂಡು 83 ಯಾರ್ಡ್ ಓಡಿದ. ಟಚ್‌ಡೌನ್. 28–14. ಸಾಯರ್ ಕೊಲಂಬಸ್ ಪಕ್ಕದ ಪಿಕರಿಂಗ್ಟನ್‌ನ ಹುಡುಗ. ಯೂಅರ್ಸ್ 2021ರಲ್ಲಿ ಓಹಾಯೊ ಸ್ಟೇಟ್‌ನಲ್ಲಿದ್ದಾಗ ಅವನದೇ ರೂಂಮೇಟ್. ಇಬ್ಬರಲ್ಲಿ ಒಬ್ಬನ ಬಗ್ಗೆ ಬರೆಯುವಾಗಲೂ ಇನ್ನೊಬ್ಬನಿಗಾಗಿ ಮನಸ್ಸು ನೋಯುತ್ತದೆ.

ಜನವರಿ 20ರಂದು ಅಟ್ಲಾಂಟಾದಲ್ಲಿ ಫೈನಲ್, ನೋಟರ್ ಡೇಮ್ ಎದುರು. ಅವರ ಕೋಚ್ ಮಾರ್ಕಸ್ ಫ್ರೀಮನ್ ಒಂದು ಕಾಲದಲ್ಲಿ ಓಹಾಯೊ ಸ್ಟೇಟ್‌ಗೇ ಆಡಿದವರು. ನೋಟರ್ ಡೇಮ್ ಮೊದಲ ಸರದಿಯಲ್ಲೇ ಹತ್ತಿರ ಹತ್ತಿರ ಹತ್ತು ನಿಮಿಷ ಚೆಂಡು ಬಿಡದೆ ಟಚ್‌ಡೌನ್ ಹೊಡೆಯಿತು. ಓಹಾಯೊ ಸ್ಟೇಟ್ ಗಾಬರಿಯಾಗಲಿಲ್ಲ. ಹವರ್ಡ್ ಎಸೆದ ಮೊದಲ 13 ಚೆಂಡುಗಳೂ ಸರಿಯಾಗಿ ತಲುಪಿದವು. ಸತತ 31 ಅಂಕ ಬಂತು, 31–7. ಆಮೇಲೆ ನೋಟರ್ ಡೇಮ್ ಎದ್ದು ನಿಂತು 31–23ಕ್ಕೆ ತಂದಿತು. ಓಹಾಯೊ ಸ್ಟೇಟ್‌ಗೆ ಮೂರನೇ ಅವಕಾಶ, 11 ಯಾರ್ಡ್ ಬೇಕು, ಮೂರು ನಿಮಿಷವೂ ಉಳಿದಿಲ್ಲ. ಮಿಶಿಗನ್ ದಿನದ ತಂಡ ಇಲ್ಲಿ ಸುಮ್ನೆ ಓಡಿ ಸಮಯ ಕಳೆಯುತ್ತಿತ್ತೇನೋ. ಈ ದಿನದ ತಂಡ ಎಸೆಯಿತು. ಸ್ಮಿತ್ ಮೇಲೆ ಒಬ್ಬನೇ ಇದ್ದ. ಅವನನ್ನು ದಾಟಿ 56 ಯಾರ್ಡ್. ಮಿಶಿಗನ್ ಎದುರು ಎರಡು ಸಲ ತಪ್ಪಿದ್ದ ಫೀಲ್ಡಿಂಗ್ ಬಂದು 26 ಸೆಕೆಂಡು ಉಳಿದಿರುವಾಗ ಒದ್ದ, ಈ ಸಲ ನೇರಕ್ಕೆ ಹೋಯಿತು. 34–23. 14 ಗೆಲುವು, 2 ಸೋಲು.

ನ್ಯಾಯವೇ ಎಂದು ಕೇಳಿದಿರಿ. ಆ ವರ್ಷ ಪ್ಲೇಆಫ್‌ಗೆ ಬಂದ ಉಳಿದ 11 ತಂಡಗಳನ್ನು ತೆಗೆದುಕೊಳ್ಳಿ. ಓಹಾಯೊ ಸ್ಟೇಟ್ ಅವುಗಳಲ್ಲಿ ಆರನ್ನು ಸೋಲಿಸಿತ್ತು: ಪೆನ್ ಸ್ಟೇಟ್, ಇಂಡಿಯಾನಾ, ಟೆನೆಸ್ಸೀ, ಒರೆಗಾನ್, ಟೆಕ್ಸಸ್, ನೋಟರ್ ಡೇಮ್. ಒಂದು ಅಂಕದಿಂದ ಸೋತ ಒರೆಗಾನ್‌ಗೆ 20 ಅಂಕಗಳಿಂದ ಉತ್ತರ ಕೊಟ್ಟಿತು. ಒಂದೂ ಸೋಲದೆ, ಆದರೆ ಇಂಥ ಎರಡೇ ತಂಡಗಳನ್ನು ಎದುರಿಸಿ ಚಾಂಪಿಯನ್ ಆದವರು ಹಿಂದೆ ಇದ್ದಾರೆ. ಅವರಿಗಿಂತ ಇವರ ಕಪ್ ಹಗುರ ಎಂದು ನಾನು ಹೇಳಲಾರೆ. 2025ರ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಈ ತಂಡದ 14 ಆಟಗಾರರು ಸೇರಿದರು. ಮೊದಲ ಸುತ್ತಿನಲ್ಲೇ ನಾಲ್ವರು, ಅದರಲ್ಲಿ ಮೊಣಕಾಲಿಗೆ ಗಾಯವಾಗಿದ್ದ ಸಿಮನ್ಸ್ ಮತ್ತು ಜಾಗ ಬದಲಿಸಿದ ಜ್ಯಾಕ್ಸನ್ ಇಬ್ಬರೂ ಇದ್ದಾರೆ. ತೆಗೆಯಿರಿ ಎಂದು ಜನ ಕೂಗಿದ ಕೋಚ್‌ಗೆ ಯೂನಿವರ್ಸಿಟಿ ಏಳು ವರ್ಷಗಳ ಹೊಸ ಒಪ್ಪಂದ ಕೊಟ್ಟಿತು.

ಆದರೆ ಸಾಯರ್, ಎಗ್‌ಬುಕಾ, ಹೆಂಡರ್ಸನ್ ಆ ಪುಟ್ಟ ಬಂಗಾರದ ಪದಕ ಇಲ್ಲದೆಯೇ ಹೋದರು. ದೇಶದ ಕಪ್ ಇದೆ, ಮಿಶಿಗನ್ ಮೇಲೆ ಗೆಲುವಿಲ್ಲ. ಅದು ಇನ್ನು ಯಾವತ್ತೂ ಸಿಗುವುದಿಲ್ಲ. ನಿಮ್ಮ ಮಗನ ಗೆಳೆಯರು ಕೊರಗುವುದು ಇದಕ್ಕೇ. ಆ ಕೊರಗನ್ನು ನಾನು ಗೌರವಿಸುತ್ತೇನೆ. ಎಲ್ಲವನ್ನೂ ಪ್ಲೇಆಫ್ ಒಂದರಿಂದಲೇ ಅಳೆಯಲು ಶುರು ಮಾಡಿದರೆ 1897ರಿಂದ ಬಂದ ಆ ಶನಿವಾರಕ್ಕೆ ಬೆಲೆ ಉಳಿಯುವುದಿಲ್ಲ. ಮುಂದಿನ ವರ್ಷ, 2025ರ ನವೆಂಬರ್‌ನಲ್ಲಿ, ಓಹಾಯೊ ಸ್ಟೇಟ್ ಮಿಶಿಗನ್‌ನ ಊರಿಗೇ ಹೋಗಿ 27–9ರಲ್ಲಿ ಗೆದ್ದಿತು. ಪದಕ ಸಿಕ್ಕಿದ್ದು ಆ ತಂಡದವರಿಗೆ.

ಪಂದ್ಯ ನೋಡುವ ಆಸೆ ಹೇಳಿದಿರಿ. ಮಿಶಿಗನ್ ಪಂದ್ಯ ಕೊಲಂಬಸ್‌ನಲ್ಲಿ ನಡೆಯುವುದು ಸಮಸಂಖ್ಯೆಯ ವರ್ಷಗಳಲ್ಲಿ, ನವೆಂಬರ್ ಕೊನೆಗೆ. ಟಿಕೆಟ್ ತುಂಬಾ ದುಬಾರಿ, ಚಳಿಯೂ ಜೋರು. ಮೊದಲ ಸಲ ಹೋಗುವವರಿಗೆ ಸೆಪ್ಟೆಂಬರ್‌ನ ಯಾವುದಾದರೂ ಸಣ್ಣ ಪಂದ್ಯ ಒಳ್ಳೆಯದು. 1922ರಲ್ಲಿ ತೆರೆದ, ಲಾಳದ ಆಕಾರದ ಆ ಸ್ಟೇಡಿಯಂನಲ್ಲಿ 1 ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ಆಟ ಶುರುವಾಗುವುದಕ್ಕೆ ಸಾಕಷ್ಟು ಮುಂಚೆಯೇ ನಿಮ್ಮ ಜಾಗದಲ್ಲಿ ಕೂತಿರಿ. ಬ್ಯಾಂಡಿನವರು ನಡೆಯುತ್ತಲೇ ಮೈದಾನದ ಮೇಲೆ ರಾಜ್ಯದ ಹೆಸರು ಬರೆಯುತ್ತಾರೆ, ಕೊನೆಯ ಚುಕ್ಕಿ ಇಡಲು ಸೂಸಫೋನ್ ಎಂಬ ದೊಡ್ಡ ಊದುವ ವಾದ್ಯ ಹೊತ್ತವರೊಬ್ಬರು ಗತ್ತಿನಿಂದ ಹೆಜ್ಜೆ ಹಾಕುತ್ತಾ ಬರುತ್ತಾರೆ. ಅದನ್ನು ತಪ್ಪಿಸಿಕೊಳ್ಳಬೇಡಿ.